ನೊರೆಯಿಲ್ಲದ ಮಡಿ

ಬಟ್ಟೆ ಶುದ್ಧವಾಯಿತು ಅನ್ನಲು ನಮ್ಮ ಮನೆಯಲ್ಲಿ ಮೂರು ಸಾಕ್ಷಿ ಬೇಕು: ನೊರೆ, ಸದ್ದು, ಕೊಳೆನೀರು. ನೊರೆ ಬಕೆಟ್ಟಿನ ಅಂಚು ದಾಟಿ ನೆಲಕ್ಕಿಳಿಯಬೇಕು, ಬಡಿಯುವ ಸದ್ದು ಪಕ್ಕದ ಮನೆಗೆ ಕೇಳಬೇಕು, ಜಾಲಾಡಿದ ನೀರು ಕಂದುಬಣ್ಣಕ್ಕೆ ತಿರುಗಬೇಕು. ಹಳೆಯ ಟಾಪ್ ಲೋಡ್ ಮೆಷಿನ್ನು ಈ ಮೂರಕ್ಕೂ ಕೈಲಾದಷ್ಟು ಮರ್ಯಾದೆ ಕೊಡುತ್ತಿತ್ತು. ಮುಚ್ಚಳ ಎತ್ತಿದರೆ ಬಟ್ಟೆಗಳ ಈಜಾಟ ಕಾಣುತ್ತಿತ್ತು. ಅಮ್ಮ ಅದರೊಳಗೆ ಕೈ ಅದ್ದಿ, "ಇನ್ನೊಂದು ಚೂರು ಪುಡಿ ಹಾಕು" ಎಂದು ತೀರ್ಪು ಕೊಡಬಹುದಿತ್ತು. ಫ್ರಂಟ್ ಲೋಡ್ ಮನೆಗೆ ಕಾಲಿಟ್ಟದ್ದೇ, ಮೂವರು ಸಾಕ್ಷಿಗಳೂ ಒಟ್ಟಿಗೇ ಊರು ಬಿಟ್ಟರು.

ಇದರ ಬಾಗಿಲು ಟಕ್ ಎಂದು ತಾನೇ ಚಿಲಕ ಹಾಕಿಕೊಳ್ಳುತ್ತದೆ. ಆಮೇಲೆ ಯಾರ ಮಾತೂ ನಡೆಯುವುದಿಲ್ಲ. ಗಾಜಿನ ಹಿಂದೆ ಒದ್ದೆ ಬಟ್ಟೆಗಳು ಬಲಕ್ಕೆ ನಾಲ್ಕು ಸುತ್ತು ಹೊರಳಿ, ಏನೋ ಯೋಚಿಸಿ, ಎಡಕ್ಕೆ ನಾಲ್ಕು ಸುತ್ತು ಹೊರಳುತ್ತವೆ. ನೀರು ಮಾತ್ರ ಕಣ್ಣಿಗೆ ಬೀಳದು. ಅಮ್ಮ ಕುರ್ಚಿ ಎಳೆದುಕೊಂಡು ಆ ಗಾಜಿನ ಮುಂದೆ ಕೂತು, ಧಾರಾವಾಹಿ ನೋಡುವಾಗಲೂ ಇರದ ಗಮನದಿಂದ ನೋಡಿದರು.

"ಎಂಥದೋ ಇದು? ನೀರೇ ಹಾಕ್ಕೊಳ್ಳಲ್ವಲ್ಲ! ಪ್ರೋಕ್ಷಣೆ ಮಾಡಿದ ಹಾಗಿದೆ ಮಾರಾಯ."

ಅಮ್ಮ ತೀರ್ಥಹಳ್ಳಿ ಕಡೆಯವರು. ಮಳೆಗಾಲದಲ್ಲಿ ನೀರಿಗೇ ಬೇಸರ ಬರುವಷ್ಟು ನೀರು ಕಂಡವರು. ಅಲ್ಲಿನ ನೀರು ಎಷ್ಟು ಮೆದು ಎಂದರೆ, ಎಷ್ಟು ತೊಳೆದರೂ ಕೈಯಿಂದ ಸೋಪಿನ ಜಾರು ಹೋಗುವುದಿಲ್ಲ. ಬೆಂಗಳೂರಿನ ನಮ್ಮ ಬೋರ್‌ವೆಲ್ ನೀರಿನದು ತದ್ವಿರುದ್ಧ ಸ್ವಭಾವ. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಸೋಪನ್ನು ಮೊದಲೇ ನುಂಗಿ, ಉಳಿದದ್ದನ್ನು ಬಟ್ಟೆಗೆ ಬಿಡುತ್ತವೆ. ಬಿಳಿ ಪಂಚೆ ಬರಬರುತ್ತಾ ಮೋಡ ಕವಿದ ಬಣ್ಣಕ್ಕೆ ತಿರುಗುತ್ತದೆ, ಟವೆಲ್ಲು ಮುಖದ ಮೇಲಿನ ಗಡ್ಡವನ್ನೂ ಒರೆಸಿಕೊಂಡು ಹೋಗುವಷ್ಟು ಗಡುಸಾಗುತ್ತದೆ. ಈ ಪಾಪವನ್ನೂ ಮೆಷಿನ್ನಿನ ಲೆಕ್ಕಕ್ಕೇ ಬರೆಯಲಾಯಿತು.

ಮೆಷಿನ್ ಕೂರಿಸಲು ಬಂದ ಹುಡುಗ ಬುದ್ಧಿವಂತ. ಸಾಗಣೆಯಲ್ಲಿ ಡ್ರಮ್ ಅಲುಗಾಡದಿರಲೆಂದು ಹಿಂಬದಿಗೆ ಹಾಕಿದ್ದ ಉದ್ದನೆಯ ಬೋಲ್ಟುಗಳನ್ನು ಬಿಚ್ಚಿ ನನ್ನ ಕೈಗಿಟ್ಟು, "ಇವನ್ನ ಬಿಚ್ಚದೇ ಓಡಿಸಿದ್ರೆ ಮೆಷಿನ್ನು ನಡ್ಕೊಂಡು ಹಾಲ್‌ಗೇ ಬಂದ್ಬಿಡುತ್ತೆ ಸಾರ್" ಎಂದ. ಆಮೇಲೆ ಅಮ್ಮನ ಕಡೆ ತಿರುಗಿ, "ಅಮ್ಮಾ, ಇದಕ್ಕಂತಲೇ ಬರೋ ಲಿಕ್ವಿಡ್ಡು ಅರ್ಧ ಮುಚ್ಚಳ ಸಾಕು. ಮಾಮೂಲಿ ಪುಡಿ ಬೇಡ" ಎಂದ. ಅಮ್ಮ "ಆಯ್ತಪ್ಪಾ" ಎಂದು ಕಾಫಿ ಕೊಟ್ಟು ಕಳಿಸಿ, ಅವನು ಲಿಫ್ಟ್ ಹತ್ತಿದ ಮೇಲೆ ಮಾಮೂಲಿ ಪುಡಿಯ ಡಬ್ಬಿ ತೆಗೆದರು.

ಆ ದಿನ ಗಾಜು ತುಂಬ ನೊರೆ. ಅಮ್ಮನ ಮುಖದಲ್ಲಿ ಗೆಲುವು. ಮೆಷಿನ್ನು ಮಾತ್ರ ಕಂಗಾಲಾಗಿ ಜಾಲಾಡಿತು, ಮತ್ತೆ ಜಾಲಾಡಿತು, ಸಂಜೆಯ ದೀಪ ಹಚ್ಚುವ ಹೊತ್ತಾದರೂ ಜಾಲಾಡುತ್ತಲೇ ಇತ್ತು. ಅದರ ಸಂಕಟಕ್ಕೆ ಕಾರಣವಿದೆ. ಡ್ರಮ್ಮಿನ ಒಳಗಿನ ಏಣುಗಳು ಬಟ್ಟೆಯನ್ನು ಮೇಲಕ್ಕೆ ಎತ್ತಿ ಕೆಳಕ್ಕೆ ಬೀಳಿಸುತ್ತವೆ. ಆ ಬೀಳುವಿಕೆಯೇ ಒಗೆತ. ಅಂದರೆ ಇದೂ ಎತ್ತಿ ಬಡಿಯುವ ಕೆಲಸವೇ, ಬೈಗುಳವೊಂದಿಲ್ಲ ಅಷ್ಟೆ. ನೊರೆ ಹೆಚ್ಚಾದರೆ ಬಟ್ಟೆ ಅದರ ಮೇಲೆ ಮೆತ್ತಗೆ ಒರಗಿ ಬೀಳುತ್ತದೆ, ಕೊಳೆಗೆ ಏಟೇ ತಾಗುವುದಿಲ್ಲ. ಡ್ರಮ್ಮಿಗೆ ಬಟ್ಟೆ ಒತ್ತಿ ತುರುಕಿದರೂ ಅದೇ ಕಥೆ, ಬೀಳಲು ಜಾಗವೆಲ್ಲಿ? ಇಷ್ಟನ್ನೂ ಅಮ್ಮನಿಗೆ ವಿವರಿಸಿದೆ. "ಹಾಗಾದ್ರೆ ಕಲ್ಲಿನ ಮೇಲೇ ಬಡಿಬಹುದಿತ್ತಲ್ಲ, ಇದಕ್ಕೆ ಅಷ್ಟು ದುಡ್ಡು ಯಾಕೆ ಕೊಟ್ಟೆ?" ಎಂದರು.

ಜರ್ಮನಿಯ ಹರ್ಬರ್ಟ್ ಸಿನ್ನರ್ ಎಂಬ ರಸಾಯನತಜ್ಞ 1959ರಲ್ಲಿ ಒಂದು ಲೆಕ್ಕ ಹೇಳಿದ. ಕೊಳೆ ಹೋಗಲು ಸೋಪು, ಪೆಟ್ಟು, ಬಿಸಿ, ಸಮಯ ಈ ನಾಲ್ಕೂ ಬೇಕು. ಒಂದನ್ನು ಕಡಿಮೆ ಮಾಡಿದರೆ ಮಿಕ್ಕವು ಅದರ ಭಾರ ಹೊರಬೇಕು. ನಮ್ಮ ಹಿರಿಯರು ಎಲ್ಲ ಭಾರವನ್ನೂ ರಟ್ಟೆಯ ಮೇಲೆ ಹಾಕಿದ್ದರು. ಫ್ರಂಟ್ ಲೋಡ್ ಅದನ್ನು ಬಿಸಿಗೂ ಗಡಿಯಾರಕ್ಕೂ ವರ್ಗಾಯಿಸಿದೆ. ಆದ್ದರಿಂದಲೇ ಹತ್ತಿ ಬಟ್ಟೆಯ ಪ್ರೋಗ್ರಾಮು 40 ಡಿಗ್ರಿಯಲ್ಲಿ ಎರಡು ಗಂಟೆ ಮೀರುವುದು. ನನ್ನ ಹೆಂಡತಿ ಮಾತ್ರ 15 ನಿಮಿಷದ್ದನ್ನೇ ಒತ್ತಿ, "ರೀ, ಕಾಲರ್ ಕೊಳೆ ಹಾಗೇ ಇದೆ ನೋಡಿ" ಎನ್ನುತ್ತಾಳೆ. ಹದಿನೈದು ನಿಮಿಷದಲ್ಲಿ ಕಾಲರ್ ಕೊಳೆ ಇನ್ನೂ ಪೂರ್ತಿ ಒದ್ದೆಯೂ ಆಗಿರುವುದಿಲ್ಲ.

ಗಡಿಯಾರ ಎಂದೆನಲ್ಲ, ಮೆಷಿನ್ನಿನ ನಿಮಿಷಕ್ಕೂ ನಮ್ಮ ನಿಮಿಷಕ್ಕೂ ಸಂಬಂಧವಿಲ್ಲ. ಪರದೆ ಮೇಲೆ "1" ಎಂದು ಬಂದಾಗ ಒಣಹಾಕಲು ಬಕೆಟ್ ಹಿಡಿದು ನಿಂತರೆ, ಕುಕ್ಕರ್ ಮೂರು ಕೂಗು ಕೂಗಿದರೂ ಅದು "1" ಆಗಿಯೇ ಇರುತ್ತದೆ. ಒಳಗೆ ದಿಂಬಿನ ಚೀಲವೊಂದು ಎಲ್ಲರ ಕಾಲುಚೀಲ, ಬನಿಯನ್ನುಗಳನ್ನು ನುಂಗಿ ಗರ್ಭಿಣಿಯಾಗಿ ಒಂದೇ ಕಡೆ ಕೂತಿರುತ್ತದೆ. ನಿಮಿಷಕ್ಕೆ 1200 ಸುತ್ತು ತಿರುಗುವ ಮೊದಲು ಭಾರವನ್ನು ಸಮ ಹಂಚಲೇಬೇಕು, ಏಕೆಂದರೆ ಆ ವೇಗದಲ್ಲಿ ಬಟ್ಟೆಯ ಮೇಲೆ ಬೀಳುವ ಬಲ ಗುರುತ್ವದ 300 ಪಟ್ಟಿಗೂ ಹೆಚ್ಚು. 1937ರಲ್ಲಿ ಅಮೆರಿಕದಲ್ಲಿ ಬಂದ ಬೆಂಡಿಕ್ಸ್ ಮೆಷಿನ್ನನ್ನಂತೂ ನೆಲಕ್ಕೇ ಬೋಲ್ಟ್ ಹಾಕಿ ಬಿಗಿಯಬೇಕಿತ್ತು. ಈಗಿನದು ಸ್ವಯಂಸಂಯಮ ಕಲಿತಿದೆ. ಆ ಸಂಯಮದ ಖರ್ಚೆಲ್ಲ ನಮ್ಮ ಬೆಳಗಿನ ಹೊತ್ತಿನದು.

ಇನ್ನು ಒಗೆತದ ಗುಣಮಟ್ಟ. ನ್ಯಾಯವಾಗಿ ಹೇಳಬೇಕೆಂದರೆ, ಬೆವರು ಸಂಪೂರ್ಣ ಹೋಗುತ್ತದೆ, ಅನ್ನ ಸಾರಿನ ಪಸೆ ಹೋಗುತ್ತದೆ, ಬಟ್ಟೆ ಅರ್ಧ ಒಣಗಿಯೇ ಹೊರಬರುತ್ತದೆ. ಕಾಲರ್ ಮತ್ತು ಸೀರೆಯ ಅಂಚನ್ನು ಮೆಷಿನ್ನಿಗೆ ಹಾಕುವ ಮೊದಲು ಕೈಯಲ್ಲಿ ಒಮ್ಮೆ ಕುಸುಬುವುದು ವಾಸಿ. ಅರಿಶಿನದ ಕಲೆ ಮಾತ್ರ ಸೋಪು ತಾಗಿದ ಕೂಡಲೇ ಕೆಂಪಗೆ ತಿರುಗಿ ನಮ್ಮನ್ನು ಹೆದರಿಸುತ್ತದೆ, ಮತ್ತೆ ಹಳದಿಯಾಗಿಯೇ ಉಳಿಯುತ್ತದೆ. ಅದಕ್ಕೆ ಮದ್ದು ಬಾಲ್ಕನಿಯ ಬಿಸಿಲು. ಅಂಗಿಯನ್ನು ಒದ್ದೆ ಇರುವಾಗಲೇ ಬಿಸಿಲಿಗೆ ಹರವಿದರೆ ಕಲೆ ತಾನಾಗಿ ಮಾಸುತ್ತದೆ. ಇದನ್ನು ಹೇಳಿಕೊಟ್ಟವರು ಅಮ್ಮ; ಮ್ಯಾನ್ಯುಯೆಲ್ಲಿನ ಇಪ್ಪತ್ತು ಭಾಷೆಗಳಲ್ಲೂ ಇದಿಲ್ಲ.

ಮೊನ್ನೆ ಬಾಗಿಲ ಸುತ್ತಲಿನ ರಬ್ಬರ್ ಪಟ್ಟಿಯ ಮಡಿಕೆ ಬಿಡಿಸಿ ಒರೆಸುತ್ತಿದ್ದೆ. ಅಲ್ಲಿ ನೀರು ನಿಂತರೆ ಬೂಷ್ಟು ಹಿಡಿದು ವಾಸನೆ ಬರುತ್ತದೆ. ಒಂದು ಹೇರ್‌ಪಿನ್ನು, ಅಂಗಿಯ ಗುಂಡಿ, ಅಡಿಕೆಯ ಹೋಳು, ಕೊನೆಗೆ ಐದು ರೂಪಾಯಿಯ ನಾಣ್ಯ ಸಿಕ್ಕವು. ಎಷ್ಟು ಒಗೆತ ಕಂಡಿತ್ತೋ ಏನೋ, ನಾಣ್ಯ ಟಂಕಸಾಲೆಯಿಂದ ಆಗತಾನೇ ಬಂದಂತೆ ಫಳಫಳ ಅನ್ನುತ್ತಿತ್ತು. ಅಮ್ಮ ಅದನ್ನು ಬೆಳಕಿಗೆ ಹಿಡಿದು ಎರಡೂ ಮೈ ತಿರುಗಿಸಿ ನೋಡಿದರು.

"ಹ್ಞಾಂ, ಇದನ್ನ ಚೆನ್ನಾಗಿ ಒಗೆದಿದೆ" ಎಂದು ಸೆರಗಿನ ತುದಿಗೆ ಗಂಟು ಹಾಕಿಕೊಂಡರು.