ಡ್ಯಾಶ್‌ಬೋರ್ಡಿನ ಹಿಂದೆ ಕುಳಿತ ಸಿಮ್ ಸಾಹೇಬರಿಗೆ

ಮಾನ್ಯ ಸಿಮ್ ಸಾಹೇಬರೇ,

ನಮ್ಮ ಕ್ಷೇಮಸಮಾಚಾರ ಬರೆಯುವ ಅಗತ್ಯವೇ ಇಲ್ಲ. ಬಾಗಲಕೋಟೆಯ ನವನಗರದಿಂದ ಎಷ್ಟು ಹೊತ್ತಿಗೆ ಹೊರಟೆವು, ಬಾದಾಮಿಯಲ್ಲಿ ಯಾರ ಮನೆ ಮುಂದೆ ಎಷ್ಟು ಹೊತ್ತು ನಿಂತೆವು, ಹುನಗುಂದ ದಾಟುವಾಗ ಎಷ್ಟು ಜೋರಾಗಿ ಬ್ರೇಕು ತುಳಿದೆವು ಎಂಬುದೆಲ್ಲ ಮನೆಯವರಿಗಿಂತ ಮೊದಲು ತಮಗೇ ತಿಳಿದಿರುತ್ತದೆ. ಹುಟ್ಟುವಾಗಲೇ ಹೊಟ್ಟೆಯಲ್ಲಿ ಸಿಮ್ ಇಟ್ಟುಕೊಂಡ ಕಾರುಗಳು ನಮ್ಮ ಪೇಟೆಯಲ್ಲಿ ಸದ್ದು ಮಾಡಿದ್ದು 2019ರಲ್ಲಿ, ಹ್ಯುಂಡೈ ವೆನ್ಯೂ ಮತ್ತು ಎಂಜಿ ಹೆಕ್ಟರ್ ಬಂದಾಗ. ಹೆಕ್ಟರ್ ಅಂತೂ ‘ಇಂಟರ್ನೆಟ್ ಇನ್‌ಸೈಡ್’ ಎಂಬ ಬಿರುದನ್ನು ಮೈಮೇಲೆ ಅಂಟಿಸಿಕೊಂಡೇ ಬಂತು. ಅಲ್ಲಿಯವರೆಗೆ ಮೈಲೇಜು ಎಷ್ಟು ಎಂದು ಕೇಳುತ್ತಿದ್ದ ನಾವು ನೆಟ್‌ವರ್ಕ್ ಎಷ್ಟು ಎಂದು ಕೇಳುವ ಕಾಲ ಬಂತು.

ತಮ್ಮಿಂದ ಉಪಯೋಗವೇ ಇಲ್ಲ ಎಂದು ನಾವು ಹೇಳುವುದಿಲ್ಲ. ಯುರೋಪಿನಲ್ಲಿ 2018ರ ಮಾರ್ಚ್ 31ರಿಂದ ಹೊಸ ಮಾದರಿಯ ಕಾರುಗಳಿಗೆ ‘ಇ-ಕಾಲ್’ ಕಡ್ಡಾಯವಾಗಿದೆ. ಅಲ್ಲಿ ತಮ್ಮ ಕುಲಬಾಂಧವರು ಸುಮ್ಮನೆ ಮಲಗಿರುತ್ತಾರೆ. ಕಾರು ಡಿಕ್ಕಿಯಾಗಿ ಏರ್‌ಬ್ಯಾಗ್ ಬಿಚ್ಚಿಕೊಂಡರೆ ಮಾತ್ರ ಎದ್ದು 112ಕ್ಕೆ ಕರೆ ಮಾಡಿ, ಜಾಗ, ಸಮಯ, ಕಾರು ಹೊರಟಿದ್ದ ದಿಕ್ಕು ಇಂಥ ನಾಲ್ಕು ಮಾತು ಹೇಳುತ್ತಾರೆ. ನಮ್ಮ ದೇಶದ ತುರ್ತು ಸಂಖ್ಯೆಯೂ 112. ಈ ಕೆಲಸಕ್ಕೆ ತಾವು ಬೇಕು, ಇಷ್ಟಕ್ಕೇ ಬೇಕು. ಆದರೆ ವರ್ಷಕ್ಕೊಮ್ಮೆಯೂ ಬೇಕಾಗದ ಈ ಒಂದು ಗಳಿಗೆಯನ್ನು ಮುಂದೆ ಮಾಡಿ ಉಳಿದ ಅಷ್ಟೂ ಹೊತ್ತು ನಮ್ಮ ಲೆಕ್ಕ ಬರೆದುಕೊಳ್ಳುವುದಕ್ಕೆ ಯಾವ ಕಾರಣ ಕೊಡುತ್ತೀರಿ?

ದಾರಿ ತೋರಿಸುತ್ತೇವೆ ಎನ್ನುತ್ತೀರಿ. ಅದೇ ಕೆಲಸ ಮಾಡುವ ಫೋನು ಜೇಬಿನಲ್ಲೇ ಇದೆ, ಅದಕ್ಕೂ ತಮಗೂ ಟವರ್ ಒಂದೇ. ತಮ್ಮ ಆಂಟೆನಾ ತುಸು ಗಟ್ಟಿ, ಒಪ್ಪಿದೆವು. ಟವರೇ ಇಲ್ಲದ ಕಡೆ ಇಬ್ಬರೂ ಮೂಕರು. ಸುರಕ್ಷತೆ ಎನ್ನುತ್ತೀರಿ. ಕಬ್ಬಿನ ಹಂಗಾಮಿನಲ್ಲಿ ಈ ಜಿಲ್ಲೆಯ ರಸ್ತೆಗೆ ರಾತ್ರಿ ಇಳಿದವರಿಗೆ ಭಯ ಯಾವುದೆಂದು ಗೊತ್ತು: ಎರಡೆರಡು ಟ್ರೇಲರ್ ಎಳೆದುಕೊಂಡು, ಹಿಂದೆ ದೀಪವಿಲ್ಲದೆ, ಜೋರಾಗಿ ಹಾಡು ಹಾಕಿಕೊಂಡು ಹೋಗುವ ಟ್ರ್ಯಾಕ್ಟರು. ಅದಕ್ಕೆ ಅಂತರಿಕ್ಷದ ಜ್ಞಾನ ಬೇಡ, ಹಿಂದಿನ ಹಲಗೆಗೆ ಒಂದು ಮೊಳ ಕೆಂಪು ರಿಫ್ಲೆಕ್ಟರ್ ಪಟ್ಟಿ ಸಾಕು. ಬಸ್ಸು, ಟ್ಯಾಕ್ಸಿಯ ಮಾತು ಬೇರೆ. ಚಾಲಕನ ಗುರುತಿಲ್ಲದೆ ಹತ್ತುವ ಪ್ರಯಾಣಿಕರಿಗಾಗಿ 2019ರ ಜನವರಿ 1ರಿಂದ ಹೊಸ ಸಾರ್ವಜನಿಕ ವಾಹನಗಳಿಗೆ ಜಾಗ ತಿಳಿಸುವ ಯಂತ್ರ, ತುರ್ತು ಗುಂಡಿ ಕಡ್ಡಾಯವೆಂದು ಕೇಂದ್ರ ಹೇಳಿದ್ದು ಸರಿಯೇ. (ಮೂರು ಗಾಲಿಯ ವಾಹನಗಳಿಗೆ ಅದರಲ್ಲಿ ವಿನಾಯಿತಿ. ನಮ್ಮ ಹಳ್ಳಿಗರು ಜೋತುಬಿದ್ದು ಹೋಗುವ ಟಂಟಂ ತಮ್ಮ ಕಣ್ಣಿಗೇ ಬಿದ್ದಿಲ್ಲ.) ಸ್ವಂತ ಕಾರಿನವನಿಗೆ ಚಾಲಕ ಯಾರೆಂಬ ಗುಮಾನಿ ಇರುವುದಿಲ್ಲ, ಅವನೇ ಚಾಲಕ.

ಕಳ್ಳತನವಾದರೆ ಕುಳಿತಲ್ಲಿಂದಲೇ ಕಾರು ನಿಲ್ಲಿಸಬಹುದಲ್ಲ ಎನ್ನುವಿರಿ. ಇದು ತೂಕದ ಮಾತು. ಆದರೆ ಯಜಮಾನನಿಗೆ ದೂರದಿಂದ ತೆರೆಯುವ ಬಾಗಿಲು ಯಜಮಾನನ ಮುಖ ನೋಡಿ ತೆರೆಯುವುದಿಲ್ಲ. 2015ರಲ್ಲಿ ಅಮೆರಿಕದ ಚಾರ್ಲಿ ಮಿಲ್ಲರ್ ಮತ್ತು ಕ್ರಿಸ್ ವಾಲಸೆಕ್ ಮನೆಯಲ್ಲೇ ಕುಳಿತು, ಹೆದ್ದಾರಿಯಲ್ಲಿ ಓಡುತ್ತಿದ್ದ ಜೀಪ್ ಚೆರೋಕಿಯನ್ನು ನಿಷ್ಕ್ರಿಯಗೊಳಿಸಿ ತೋರಿಸಿದರು. ಕಂಪನಿ ಸುಮಾರು 14 ಲಕ್ಷ ವಾಹನಗಳನ್ನು ವಾಪಸು ಕರೆಯಬೇಕಾಯಿತು. ಸಾಫ್ಟ್‌ವೇರ್ ರಿಪೇರಿ ಗಾಳಿಯಲ್ಲೇ ಆಗುತ್ತದೆ ಎಂಬುದೂ ನಿಜ, ಇಳಕಲ್ಲಿನಿಂದ ದೂರದ ಸರ್ವೀಸ್ ಸೆಂಟರಿಗೆ ಅಲೆಯುವುದು ತಪ್ಪುತ್ತದೆ. ಮಾಲೀಕ ಒಪ್ಪಿದ ದಿನ ಮನೆಯ ವೈಫೈಗೆ ಜೋಡಿಸಿದರೆ ಆ ಕೆಲಸವೂ ಮುಗಿಯಿತು. ಅದಕ್ಕೆ ನಿತ್ಯ ದಿನಚರಿ ಬೇಕಿಲ್ಲ. ಆ ದಿನಚರಿ ಎಲ್ಲಿಗೆ ಹೋಗುತ್ತದೆಂಬ ಅನುಮಾನ ಬರಿಯ ಹಳ್ಳಿಗರ ಅನುಮಾನವಲ್ಲ. 2023ರಲ್ಲಿ ಮೊಜಿಲ್ಲಾ ಪ್ರತಿಷ್ಠಾನ 25 ಬ್ರ್ಯಾಂಡುಗಳ ಖಾಸಗಿತನದ ಪರೀಕ್ಷೆ ಮಾಡಿದಾಗ ಒಂದೂ ಪಾಸಾಗಲಿಲ್ಲ. ಜನರಲ್ ಮೋಟಾರ್ಸ್ ಕಾರುಗಳ ಬ್ರೇಕು, ವೇಗದ ವಿವರ ದತ್ತಾಂಶ ವ್ಯಾಪಾರಿಗಳ ಮೂಲಕ ವಿಮಾ ಕಂಪನಿಗಳಿಗೆ ತಲುಪುತ್ತಿದ್ದುದು 2024ರಲ್ಲಿ ಬಯಲಾಯಿತು.

ಇನ್ನು ತಮ್ಮ ಆಯುಷ್ಯ. ಕಾರಿನ ನೋಂದಣಿ 15 ವರ್ಷಕ್ಕೆ. ತಮ್ಮ ಪುಕ್ಕಟೆ ಸೇವೆ ಕೆಲವೇ ವರ್ಷಕ್ಕೆ, ಆಮೇಲೆ ಚಂದಾ. ಬಿಎಂಡಬ್ಲ್ಯು 2022ರಲ್ಲಿ ಕೆಲವು ದೇಶಗಳಲ್ಲಿ ಸೀಟು ಬೆಚ್ಚಗಾಗಿಸಲು ತಿಂಗಳ ಚಂದಾ ಕೇಳಿ, ಮರುವರ್ಷ ಬೈಸಿಕೊಂಡು ಕೈಬಿಟ್ಟಿತು. ಆ ಸೌಲಭ್ಯವನ್ನು ಬಾದಾಮಿಯಲ್ಲಿ ಮಾರ್ಚ್‌ನಿಂದ ಮೇವರೆಗೆ ಸೂರ್ಯನೇ ಪುಕ್ಕಟೆ ಕೊಡುತ್ತಾನೆ. ಅದೇ 2022ರಲ್ಲಿ ಅಮೆರಿಕದಲ್ಲಿ 3ಜಿ ಬಂದ್ ಆದಾಗ, ಚಂದಾ ಕಟ್ಟಲು ಸಿದ್ಧರಿದ್ದವರ ಹಳೆಯ ಕಾರುಗಳೂ ಮೂಕವಾದವು. ಇಳಕಲ್ಲಿನ ನೇಕಾರರೂ ಸಂಪರ್ಕ ಕೊಡುವವರೇ: ಸೀರೆಯ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಎಳೆ ಎಳೆಗೆ ಕೊಂಡಿ ಹಾಕುತ್ತಾರೆ. ಒಮ್ಮೆ ಹಾಕಿದ ಕೊಂಡಿಗೆ ಮತ್ತೆ ರೀಚಾರ್ಜ್ ಕೇಳಿದವರಿಲ್ಲ, ಉಟ್ಟವಳು ಯಾವ ಮದುವೆಗೆ ಹೋದಳೆಂದು ಮಗ್ಗಕ್ಕೆ ವರದಿ ಬಂದದ್ದೂ ಇಲ್ಲ.

ಆದ್ದರಿಂದ ವಿನಂತಿ: ಏರ್‌ಬ್ಯಾಗ್ ಬಿಚ್ಚುವವರೆಗೆ ತಾವು ಗಡದ್ದಾಗಿ ನಿದ್ದೆ ಮಾಡಬೇಕು. ಬೇಡವೆಂದವರಿಗೆ ತಮ್ಮನ್ನು ಆರಿಸಲು ಕೈಗೆ ಸಿಗುವ ಒಂದು ಗುಂಡಿ ಇರಬೇಕು, ಅದನ್ನು ಒತ್ತಲು ಇಂಟರ್ನೆಟ್ ಬೇಕಾಗಬಾರದು.

ಇಂತಿ,
ತಮ್ಮ ಕಡತದಲ್ಲಿರುವ ಬಾಗಲಕೋಟೆ ಜಿಲ್ಲೆಯ ಕಾರಿನವರು

ತಾ.ಕ.: ಉತ್ತರ ಅಂಚೆಯಲ್ಲಿ ಕಳಿಸಿದರೆ ಸಾಕು. ವಿಳಾಸ ಬರೆದಿಲ್ಲ, ತಮ್ಮ ಬಳಿ ಇದ್ದೇ ಇದೆ.