ಹೆಬ್ಬೆಟ್ಟಿನ ಹಾಜರಿ

ಓದು ಬರಹ ಬಾರದವರಷ್ಟೇ ಹೆಬ್ಬೆಟ್ಟು ಒತ್ತುತ್ತಿದ್ದ ಕಾಲವೊಂದಿತ್ತು. ಈಗ ಎಂಬಿಬಿಎಸ್ ಮಾಡಿದವರೂ ಒತ್ತಬೇಕು. ಒತ್ತಿದರೆ ಸಾಲದು, ಯಂತ್ರ ಒಪ್ಪಬೇಕು. ಪಾತ್ರೆ ತಿಕ್ಕಿ, ಬಟ್ಟೆ ಒಗೆದು ಗೆರೆ ಸವೆದ ಬೆರಳನ್ನು ಸೆರಗಿಗೆ ಒರೆಸಿ ಮತ್ತೆ ಮತ್ತೆ ಒತ್ತುತ್ತಾ, ತಾನು ತಾನೇ ಎಂದು ದಾದಿಯೊಬ್ಬಳು ರುಜುವಾತು ಮಾಡುವಷ್ಟರಲ್ಲಿ ಹೊರಗೆ ರೋಗಿಗಳ ಸಾಲು ಬೆಳೆದಿರುತ್ತದೆ. ಹಾಗೆಂದು ಕಂಪ್ಯೂಟರಿಗೇ ಶಾಪ ಹಾಕುವುದು ತರವಲ್ಲ. ಸರ್ಕಾರಿ ನೌಕರರ ಲೆಕ್ಕ ಇಡುವ ಎಚ್‌ಆರ್‌ಎಂಎಸ್ ತಂತ್ರಾಂಶ ತಿಂಗಳ ಸಂಬಳದ ಬಿಲ್ಲು ಮಾಡಿ ತುಟ್ಟಿಭತ್ಯೆ ಸೇರಿಸಿದರೆ ನಮಗೆ ಅದು ಪ್ರಗತಿ; ಅದರ ದಾಯಾದಿ ಯಂತ್ರ ಹತ್ತು ನಿಮಿಷ ತಡವಾದದ್ದನ್ನು ಬರೆದಿಟ್ಟರೆ ದಬ್ಬಾಳಿಕೆ. ನೌಕರರ ಜಾಣತನ ಇಷ್ಟೇ ಎಂದು ನಕ್ಕು ಮುಗಿಸಬಹುದಿತ್ತು, ಕರ್ನಾಟಕದಲ್ಲೇ ನಡೆದ ಒಂದು ಅಧ್ಯಯನ ಇಲ್ಲದಿದ್ದರೆ.

ಅರ್ಥಶಾಸ್ತ್ರಜ್ಞರಾದ ಇಕ್ಬಾಲ್ ಧಾಲಿವಾಲ್ ಮತ್ತು ರೆಮಾ ಹನ್ನಾ ರಾಜ್ಯದ 322 ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಆರಿಸಿಕೊಂಡು, 140ರಲ್ಲಿ ಬೆರಳಚ್ಚಿನ ಹಾಜರಿ ಬಂದ ಮೇಲೆ ಏನಾಯಿತೆಂದು ನೋಡಿದರು. ದಾದಿಯರು, ಫಾರ್ಮಸಿಸ್ಟರು, ಲ್ಯಾಬ್ ಟೆಕ್ನಿಷಿಯನ್ನರು ಹೆಚ್ಚು ದಿನ ಬರತೊಡಗಿದರು. ಕಡಿಮೆ ತೂಕದ ಶಿಶುಗಳ ಪ್ರಮಾಣವೂ ತಗ್ಗಿತು. ಜೊತೆಗೆ ಸಿಬ್ಬಂದಿಯ ತೃಪ್ತಿಯೂ ತಗ್ಗಿತು. ವೈದ್ಯರ ಹಾಜರಿ ಮಾತ್ರ ಜಪ್ಪಯ್ಯ ಎಂದರೂ ಕದಲಲಿಲ್ಲ.

ರೋಗಿಗೆ ಗುಣವಾದರೆ ಸಾಕು, ನೌಕರರ ಮುಖ ಊದಿದರೇನು ಎಂದು ಯಾರಾದರೂ ಕೇಳಬಹುದು. ಮಾತು ನ್ಯಾಯವಾದದ್ದೇ; ಹಸುಗೂಸಿನ ತೂಕದ ಮುಂದೆ ನಮ್ಮ ಮುನಿಸಿನ ತೂಕ ಎಷ್ಟರದು? ಆದರೆ ಆರೋಗ್ಯ ಇಲಾಖೆಯೇ ಈ ಮಾತನ್ನು ಪಾಲಿಸಲಿಲ್ಲವಲ್ಲ! ಗೈರಾದವರ ರಜೆ ಕತ್ತರಿಸಲು ಅದು ಹಿಂಜರಿಯಿತು. ಬಿಗಿ ಮಾಡಿದರೆ ವೈದ್ಯರು ಕೆಲಸ ಬಿಟ್ಟು ಖಾಸಗಿ ಆಸ್ಪತ್ರೆಗೆ ಹೋದಾರೆಂಬ ಅಂಜಿಕೆ. ಅಂದರೆ ನೌಕರರ ತೃಪ್ತಿಗೆ ಬೆಲೆ ಇಲ್ಲವೆಂದಲ್ಲ, ಬೇರೆ ಕಡೆ ಕೆಲಸ ಸಿಗುವವರ ತೃಪ್ತಿಗಷ್ಟೇ ಬೆಲೆ. ಹಾಗಾದರೆ ಯಂತ್ರ ದಂಡವೇ? ಅದೂ ಅಲ್ಲ. ಅದು ಎಲ್ಲರ ಬೆರಳನ್ನೂ ಒಂದೇ ಸಮನೆ ಓದಿತು. ಓದಿದ್ದರ ಮೇಲೆ ಸಹಿ ಹಾಕಬೇಕಾದ ಕೈ ನಡುಗಿತು.

ಆದ್ದರಿಂದ ಹೊಸ ಸಾಫ್ಟ್‌ವೇರ್ ತರುವ ಸಾಹೇಬರಲ್ಲಿ ಒಂದು ವಿನಂತಿ: ತಡವಾಗಿ ಬಂದವರನ್ನು ಹಿಡಿಯುವಷ್ಟೇ ಚುರುಕಾಗಿ ರಜೆ, ಬಡ್ತಿ, ಬಾಕಿ ಸಂಬಳವನ್ನೂ ಅದು ಮಂಜೂರು ಮಾಡಲಿ. ಮತ್ತು ಮೊದಲ ಹೆಬ್ಬೆಟ್ಟು ತಮ್ಮದೇ ಇರಲಿ.