ವಾರಾಂತರ

ಒಮ್ಮೆ ಮಿಶನ್ ಟ್ರಿಪ್ಪಿಗೆ ಹೋಗಿ ಬಂದವರನ್ನು ‘ಮತ್ತೆ ಯಾಕೆ ಹೊರಟಿರಿ?’ ಎಂದು ಕೇಳಿದರೆ ನಮ್ಮ ಸಭೆಯಲ್ಲಿ ಒಂದು ಸಿದ್ಧ ಉತ್ತರವಿದೆ: ‘ದೇವರ ಕರೆ ಬಂತು.’ ಅಲ್ಲಿಗೆ ಮಾತು ಮುಗಿಯಿತು. ಕರೆದವನನ್ನು ಕರೆಸಿ ವಿಚಾರಿಸುವ ಅಧಿಕಾರ ಸಭಾ ಸಮಿತಿಗಿಲ್ಲ. ನನಗೂ ಕರೆ ಬಂದಿರಬಹುದು. ಆದರೆ ಸಮಿತಿಯ ಮುಂದೆ ನಾನಿಟ್ಟ ಕಾರಣ ಹಳದಿ ಜ್ವರದ ಚುಚ್ಚುಮದ್ದು. ಘಾನಾ ದೇಶದೊಳಗೆ ಕಾಲಿಡಬೇಕಾದರೆ ಅದು ಬೇಕೇ ಬೇಕು. ಅದಿಲ್ಲದೆ ಅಲ್ಲಿಂದ ಮರಳಿದರೆ ನಮ್ಮ ಸರಕಾರವೂ ಮನೆಗೆ ಬಿಡದೆ ಬೇರೆ ಕೂಡಿಹಾಕುತ್ತದೆ. 2016ರಿಂದ ಆ ಚುಚ್ಚುಮದ್ದಿನ ಹಳದಿ ಕಾರ್ಡು ಜೀವಮಾನಕ್ಕೆ ಊರ್ಜಿತ. ಜೀವಮಾನಕ್ಕೆ ಸಾಲುವ ಔಷಧವನ್ನು ತೋಳಿಗೆ ಏರಿಸಿಕೊಂಡು ಒಂದೇ ಸಲ ಬಳಸಿ ಬಿಡುವುದು ಧಾರವಾಡದ ಮನುಷ್ಯನಿಗೆ ಶೋಭೆಯಲ್ಲ ಎಂದು ವಾದಿಸಿದೆ. ಸಮಿತಿಯವರೂ ಧಾರವಾಡದವರೇ. ಒಪ್ಪಿದರು.

ನಿಜವಾದ ಕಾರಣ ಬೇರೆ ಇತ್ತು. ನಾನು ಹುಟ್ಟಿದ ವಾರವನ್ನು ಅಲ್ಲಿ ಹೋಗಿ ತಿದ್ದಿಸಬೇಕಾಗಿತ್ತು.

ಘಾನಾವೇ ಯಾಕೆ ಎನ್ನುವವರಿಗೆ ಹೇಳುತ್ತೇನೆ: ಅಲ್ಲಿನವರೂ ನಾವೂ ಒಂದೇ ಮನೆಯ ಮಕ್ಕಳು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರನ್ನು ಮಂಗಳೂರಿಗೆ ಕಳಿಸಿತು. ಮರುವರ್ಷ ಅದೇ ಮಿಶನ್ನಿನ ಆಂಡ್ರಿಯಾಸ್ ರೀಸ್ ಆಗಿನ ಗೋಲ್ಡ್ ಕೋಸ್ಟಿನ ಗುಡ್ಡದ ಊರು ಅಕ್ರೊಪಾಂಗ್ ಸೇರಿದ. ಇಲ್ಲಿ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರಡಿಸಿದ 1843ರಲ್ಲಿಯೇ ಅಲ್ಲಿ ರೀಸ್, ಆಫ್ರಿಕಾ ಮೂಲದ ಮೊರೇವಿಯನ್ ಕ್ರೈಸ್ತರನ್ನು ಜಮೈಕಾದಿಂದ ಕರೆತಂದು ನೆಲೆಗೊಳಿಸಿದ. ನಮಗೆ ಕಿಟೆಲ್ಲರ ನಿಘಂಟು 1894ರಲ್ಲಿ ಕೈಗೆ ಬಂತು. ಅವರ ತ್ವಿ ಭಾಷೆಗೆ ಬಾಸೆಲಿನವರೇ ಆದ ಕ್ರಿಸ್ಟಾಲರ್ 1881ರಲ್ಲೇ ನಿಘಂಟು ಮಾಡಿ ಮುಗಿಸಿದ್ದರು. ಈ ಲೆಕ್ಕವನ್ನು ಅಲ್ಲಿ ಜಾಣತನ ತೋರಿಸಲು ಬಾಯಿಬಿಟ್ಟು ಹೇಳಿದವನು ನಾನೇ. ಅವರು ಹದಿಮೂರು ವರ್ಷ ಮುಂದಿದ್ದಾರೆ ಎಂಬುದನ್ನು ಆಮೇಲೆ ಯಾರೂ ಮರೆಯಲಿಲ್ಲ.

ಮೊದಲ ಸಲದ ಪ್ರಯಾಣದ ಕತೆ ಬೇಡ. ಬೆಂಗಳೂರು, ಅಡಿಸ್ ಅಬಾಬಾ, ಆಕ್ರಾ. ಶೇಂಗಾ ಚಟ್ನಿಪುಡಿ ಒಡೆದು ಅಂಗಿಗಳಿಗೆಲ್ಲ ಮೆತ್ತಿದ್ದು. ಮಲೇರಿಯಾ ಗುಳಿಗೆ ನುಂಗಿದವರಿಗೆ ರಾತ್ರಿ ವಿಚಿತ್ರ ಕನಸು ಬಿದ್ದದ್ದು. ಅಬೂರಿ ದಾಟಿ ಗುಡ್ಡ ಏರಿದರೆ ತಂಪು ಗಾಳಿ. ಊಟಕ್ಕೆ ಫುಫು. ಅದನ್ನು ಜಗಿಯಬಾರದು, ನುಂಗಬೇಕು. ರೊಟ್ಟಿ ತಿಂದು ಬೆಳೆದ ನಾವೆಲ್ಲ ಜಗಿಯುತ್ತ ಕುಳಿತಾಗ ತಂಡದಲ್ಲಿದ್ದ ಮಂಡ್ಯದ ಒಬ್ಬರೇ ಒಬ್ಬರು ಮುದ್ದೆಯ ಅಭ್ಯಾಸದ ಮೇಲೆ ಸರಸರ ಇಳಿಸಿ ಎರಡನೆಯದಕ್ಕೆ ಕೈಯೊಡ್ಡಿದರು. ಆ ಗಳಿಗೆಯಿಂದ ಅಡುಗೆಯವರ ಕಣ್ಣಿನಲ್ಲಿ ತಂಡದ ನಾಯಕರು ಅವರೇ.

ಇನ್ನು ಆದಿತ್ಯವಾರದ ಆರಾಧನೆ.

ಬಾಸೆಲ್ ಮಿಶನ್ನಿನ ಜರ್ಮನರು ನಮಗೂ ಅವರಿಗೂ ಒಂದೇ ಶಿಸ್ತು ಕಲಿಸಿದ್ದರು: ನೆಟ್ಟಗೆ ಕೂಡು, ಹೇಳಿದಾಗ ಏಳು, ಹಾಡುವಾಗ ತುಟಿ ಬಿಟ್ಟು ಬೇರೇನೂ ಅಲ್ಲಾಡಕೂಡದು. ನಾವು ಅದನ್ನು ಇಂದಿಗೂ ಪಾಲಿಸಿಕೊಂಡು ಬಂದಿದ್ದೇವೆ. ನಮ್ಮ ಚರ್ಚಿನಲ್ಲಿ ಬೆಳೆಹಬ್ಬದ ಹರಾಜಿನ ದಿನ ಒಂದು ಕುಂಬಳಕಾಯಿ ಸಾವಿರ ರೂಪಾಯಿಗೆ ಹೋದರೂ ಕೊಂಡವರ ಮುಖದ ಮೇಲೆ ಒಂದು ಗೆರೆ ಕದಲುವುದಿಲ್ಲ. ಅಕ್ರೊಪಾಂಗಿನವರು ಆ ಶಿಸ್ತನ್ನು ಪ್ರಸಂಗದವರೆಗೆ ಮಾತ್ರ ಇಟ್ಟುಕೊಂಡಿದ್ದಾರೆ. ಕಾಣಿಕೆಯ ಹೊತ್ತಾಯಿತೋ, ಹಿತ್ತಾಳೆಯ ಕಹಳೆ, ಡೋಲು, ಬಿಳಿ ಕರವಸ್ತ್ರಗಳ ಹಾರಾಟ. ಇಡೀ ಸಭೆ ಕುಣಿಯುತ್ತ ಬೋಗುಣಿಯ ಕಡೆಗೆ ಹೊರಡುತ್ತದೆ.

ಅಷ್ಟೇ ಆಗಿದ್ದರೆ ಗುಂಪಿನಲ್ಲಿ ಗೋವಿಂದ ಎಂದು ಸಾಗಿಬಿಡುತ್ತಿದ್ದೆ. ಆದರೆ ಅವರಲ್ಲಿ ಮಗು ಹುಟ್ಟಿದ ವಾರವೇ ಅದರ ಮೊದಲ ಹೆಸರು. ಶುಕ್ರವಾರದ ಗಂಡುಮಗು ಕೋಫಿ. ವಿಶ್ವಸಂಸ್ಥೆಯ ಕೋಫಿ ಅನ್ನಾನ್ ಹೀಗೆಯೇ ಕೋಫಿ ಆದದ್ದು. ಶನಿವಾರದ್ದು ಕ್ವಾಮೆ; ಹಾಗೆ ಕ್ವಾಮೆ ಆದವರು 1957ರಲ್ಲಿ ದೇಶಕ್ಕೆ ಸ್ವಾತಂತ್ರ್ಯ ತಂದುಕೊಟ್ಟ ಎನ್‌ಕ್ರೂಮಾ. ಚರ್ಚಿಗೆ ಹಣ ಬೇಕಾದಾಗ ಈ ಏಳು ವಾರಗಳನ್ನು ಏಳು ಪಕ್ಷಗಳನ್ನಾಗಿ ಮಾಡಿ ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟುತ್ತಾರೆ. ಮೈಕು ಹಿಡಿದ ಹಿರಿಯರೊಬ್ಬರು ‘ಸೋಮವಾರದವರು ಮಲಗಿದ್ದಾರೆಯೇ?’ ಎಂದು ಚುಚ್ಚುತ್ತಾರೆ. ಕೊನೆಗೆ ಎಣಿಸಿ, ಯಾವ ವಾರ ಮೊದಲು, ಯಾವ ವಾರ ಕಡೆ ಎಂದು ದೇವರ ಎದುರಿನಲ್ಲೇ ಸಾರುತ್ತಾರೆ.

‘ನೀವು ಯಾವ ವಾರ?’ ಎಂದು ಹೋದ ವರ್ಷ ನನ್ನನ್ನು ಕೇಳಿದರು. ಪಾಸ್‌ಪೋರ್ಟಿನಲ್ಲಿ 1967ರ ಜೂನ್ 1 ಎಂದಿದೆ. ಮೊಬೈಲು ನೋಡಿ ಗುರುವಾರ ಎಂದಿತು. ಗುರುವಾರದ ಗಂಡಸು ಯಾವ್. ಹೀಗೆ ನಾನು ಯಾವ್ ಆದೆ.

ಜೂನ್ ಒಂದು ನಾನು ಹುಟ್ಟಿದ ದಿನವಲ್ಲ, ನನ್ನನ್ನು ಶಾಲೆಗೆ ಸೇರಿಸಿಕೊಂಡ ಮಾಸ್ತರರ ಅನುಕೂಲ ಎಂಬುದನ್ನು ಕನ್ನಡ ನಾಡಿನಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ನಮ್ಮ ತರಗತಿಯ ಮುಕ್ಕಾಲು ಪಾಲು ಹುಡುಗರು ಅದೇ ದಿನ ಹುಟ್ಟಿದವರು. ದಾಖಲೆ ನಂಬುವುದಾದರೆ ನಮ್ಮೂರ ಸೂಲಗಿತ್ತಿಗೆ ಅವತ್ತು ನೀರು ಕುಡಿಯಲೂ ಪುರಸೊತ್ತಿದ್ದಿರಲಿಕ್ಕಿಲ್ಲ. ದೀಕ್ಷಾಸ್ನಾನದ ಪುಸ್ತಕ ನೋಡೋಣವೆಂದರೆ ಆ ವರ್ಷದ ಹಾಳೆಗಳನ್ನು ಗೆದ್ದಲು ಓದಿ ಮುಗಿಸಿದೆ. ಇದನ್ನೆಲ್ಲ ಘಾನಾದವರಿಗೆ ಇಂಗ್ಲಿಷಿನಲ್ಲಿ ಹೇಳುವಷ್ಟರಲ್ಲಿ ಡೋಲು ಬಾರಿಸಿಯಾಗಿತ್ತು.

‘ಗುರುವಾರ!’ ಎಂಬ ಕೂಗು ಬಿತ್ತು. ಎದ್ದೆ. ಬೆಂಚಿನಿಂದ ಬೋಗುಣಿಗೆ ಏಳೆಂಟು ಮಾರು. ನಡೆದು ಹೋಗಲು ಬಿಡುವುದಿಲ್ಲ. ನನ್ನ ಮೊಣಕಾಲುಗಳಿಗೆ ಚರ್ಚಿನಲ್ಲಿ ಗೊತ್ತಿದ್ದದ್ದು ಊರುವುದೊಂದೇ; ಈಗ ಅವಕ್ಕೆ ಮಡಚು, ಬಿಡಿಸು, ಪಕ್ಕಕ್ಕೆ ಸರಿ ಎಂಬ ಮೂರು ಅಪ್ಪಣೆಗಳು ಏಕಕಾಲಕ್ಕೆ ಬಂದವು. ಬಲಗಾಲು ಪಾಲಿಸಿತು. ಎಡಗಾಲು ಹಳೆಯ ಜರ್ಮನರ ಕಡೆಗೇ ಉಳಿಯಿತು. ಒಂದು ಕೈಯಲ್ಲಿ ಇಪ್ಪತ್ತು ಸೆಡಿಯ ನೋಟು, ಇನ್ನೊಂದರಲ್ಲಿ ಪಕ್ಕದ ತಾಯಿಯೊಬ್ಬರು ತುರುಕಿದ ಬಿಳಿ ಕರವಸ್ತ್ರ. ಒಂದನ್ನು ಬೀಸಬೇಕು, ಒಂದನ್ನು ಹಾಕಬೇಕು. ಇಷ್ಟೇ. ಪದವೀಧರನಿಗೆ ಕಷ್ಟದ ಕೆಲಸವಲ್ಲ. ನಡುದಾರಿಯಲ್ಲಿ ಡೋಲಿನವನು ಗತಿ ಬದಲಿಸಿದ. ಸೊಂಟ ನನ್ನ ಅನುಮತಿ ಕೇಳದೆ ಏನೋ ಒಂದನ್ನು ಮಾಡಿತು. ಸಭೆ ಹೋ ಎಂದಿತು. ಐವತ್ತು ದಾಟಿದ ಮೇಲೆ ಸೊಂಟಕ್ಕೆ ಚಪ್ಪಾಳೆ ಬಿದ್ದವನ ಸ್ಥಿತಿ ಅನುಭವಿಸಿದವನಿಗೇ ಗೊತ್ತು, ಕಣ್ಣು ಕತ್ತಲಿಟ್ಟಿತು. ಬೋಗುಣಿಯ ಮೇಲೆ ಬಾಗಿದೆ, ಭಕ್ತಿಯಿಂದ ಕರವಸ್ತ್ರವನ್ನು ಅದರೊಳಗೆ ಹಾಕಿದೆ, ಇಪ್ಪತ್ತು ಸೆಡಿಯ ನೋಟನ್ನು ತಲೆಯ ಮೇಲೆ ಬೀಸುತ್ತ, ಕುಣಿಯುತ್ತ, ನನ್ನ ಜಾಗಕ್ಕೆ ಬಂದು ಕುಳಿತೆ.

ಒಂದು ಕ್ಷಣ ಕಹಳೆ ನಿಂತಿತು. ಮೈಕಿನ ಹಿರಿಯರು ಕರವಸ್ತ್ರವನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದು, ‘ಭಾರತದಿಂದ, ಗುರುವಾರದ ಲೆಕ್ಕಕ್ಕೆ, ಒಂದು ಕರವಸ್ತ್ರ’ ಎಂದು ಗಂಭೀರವಾಗಿ ಘೋಷಿಸಿದರು. ಕರವಸ್ತ್ರದ ಒಡತಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಪ್ರಸಂಗ ಪೀಠದ ಹತ್ತಿರ ಕುಳಿತ ಸಭಾಪಾಲಕರು ಬೈಬಲ್ಲಿನಿಂದ ಮುಖ ಮರೆಮಾಡಿಕೊಂಡರು. ನೋಟು ತಲುಪಿಸಲು ನಾನು ಮತ್ತೆ ಹೋಗಲೇಬೇಕು. ಒಬ್ಬನೇ ಹೋಗುವುದು ಸರಿಯಲ್ಲವೆಂದು ಗುರುವಾರದ ಮಂದಿಯೆಲ್ಲ ಎದ್ದು ನನ್ನನ್ನು ನಡುವೆ ಹಾಕಿಕೊಂಡು ಇನ್ನೊಂದು ಸುತ್ತು ಕುಣಿದರು. ಸುತ್ತು ಬಂದವರು ಬರಿಗೈಯಲ್ಲಿ ಬರುತ್ತಾರೆಯೇ? ಎಲ್ಲರೂ ಮತ್ತೊಮ್ಮೆ ಹಾಕಿದರು. ಎಣಿಸಿದಾಗ ಯಾವಾಗಲೂ ಹಿಂದೆ ಬೀಳುತ್ತಿದ್ದ ಗುರುವಾರ ಮೊದಲನೆಯದಾಗಿತ್ತು. ನನ್ನ ಬೆನ್ನ ಮೇಲೆ ಬಿದ್ದ ಹೊಡೆತಗಳೆಲ್ಲ ಪ್ರೀತಿಯವು. ನಮ್ಮೂರ ಚರ್ಚಿನಲ್ಲಿ ಬಾಲ್ಯದಿಂದ ಕೂತೆದ್ದಿದ್ದೇನೆ. ಅಷ್ಟು ಬೇಕಾದವನು ಎಂದು ನನಗೆ ಯಾವತ್ತೂ ಅನಿಸಿರಲಿಲ್ಲ.

ಊರಿಗೆ ಬಂದು ಅವ್ವನಿಗೆ ಇದನ್ನು ಹೇಳಿದೆ. ಅವ್ವ ಕುಣಿತವನ್ನು ಬಿಟ್ಟು ವಾರವನ್ನು ಹಿಡಿದಳು. ‘ಗುರುವಾರ ಯಾವ ಮೂಳ ಹೇಳಿದ? ನೀ ಹುಟ್ಟಿದ್ದು ಸಂತಿ ಮರುದಿನ. ಸಂತ್ಯಾಗ ತಂದ ಬದನಿಕಾಯಿ ಇನ್ನಾ ಹೆಚ್ಚಿದ್ದಿಲ್ಲ, ಬ್ಯಾನಿ ಸುರು ಆತು.’ ನಮ್ಮೂರ ಸಂತೆ ಮಂಗಳವಾರ. ಮರುದಿನ ಬುಧವಾರ. ಅಂದರೆ ನಾನು ಯಾವ್ ಅಲ್ಲ, ಕ್ವಾಕು!

ಈ ಸಲ ಹೋದವನೇ ವಿಷಯ ಮುಂದಿಟ್ಟೆ. ಕರ್ನಾಟಕದವನಿಗೆ ಪಕ್ಷಾಂತರ ಹೊಸದಲ್ಲ. ಆದರೆ ನಮ್ಮ ಶಾಸಕರಿಗೆ ಇರುವ ರೆಸಾರ್ಟಿನ ಸೌಕರ್ಯ ನನಗಿರಲಿಲ್ಲ. ಗುರುವಾರದ ಹೆಂಗಸರು ನನ್ನ ತಟ್ಟೆಗೆ ಕೆಲೆವೆಲೆ, ಅಂದರೆ ಖಾರ ಹಚ್ಚಿ ಕರಿದ ಬಾಳೆಹಣ್ಣು, ಹಾಕುವುದನ್ನು ನಿಲ್ಲಿಸಿದರು. ಬುಧವಾರದವರು ದುಪ್ಪಟ್ಟು ಹಾಕಿದರು. ಗುರುವಾರದ ಹಿರಿಯಾಕೆ ಎಲ್ಲರೆದುರು ಒಂದು ಮಾತು ಆಡಿದರು: ಅವರ ಕತೆಗಳಲ್ಲಿ ಎಲ್ಲರನ್ನೂ ಮೋಸಮಾಡಿ ತಾನು ತಿಂದು ತೇಗುವ ಜೇಡ ಅನಾನ್ಸಿಯೂ ಕ್ವಾಕುವೇ ಅಂತೆ, ಆದ್ದರಿಂದ ನಾನು ಬುಧವಾರದವನು ಎಂಬುದರಲ್ಲಿ ಅವರಿಗೆ ಈಗ ಸಂಶಯ ಉಳಿದಿಲ್ಲವಂತೆ. ದೂರು ಮೈಕಿನ ಹಿರಿಯರ ಬಳಿಗೆ ಹೋಯಿತು. ಅವರು ಗಡ್ಡ ತುರಿಸಿಕೊಂಡು ತೀರ್ಪು ಕೊಟ್ಟರು: ಎರಡು ವಾರ ಹುಟ್ಟಿದವನು ಎರಡು ಸಲ ಕುಣಿಯಲಿ, ಎರಡು ಸಲ ಹಾಕಲಿ. ನ್ಯಾಯ ಎಂದರೆ ಇದು. ಎರಡು ಸಲವೂ ನೋಟನ್ನೇ ಹಾಕಿದೆ. ಸಭೆಗೆ ನಿರಾಸೆಯಾಯಿತು.

ವಾರದ ಉಳಿದ ದಿನಗಳಲ್ಲಿ ನಾವು ಸೇವೆ ಮಾಡಿದೆವು. ಶಾಲೆಯೊಂದರ ಗ್ರಂಥಾಲಯಕ್ಕೆ ಕಪಾಟು. ಮಾಡಿದವನು ಊರಿನ ಬಡಗಿ. ನಾವು ಹಲಗೆಯ ತುದಿ ಹಿಡಿದುಕೊಂಡಿದ್ದೆವು. ಅದೂ ಆತ ಹೇಳಿಕೊಟ್ಟ ಹಾಗೆ. ಫೋಟೊ ತೆಗೆಯುವ ಹೊತ್ತಿಗೆ ನಮ್ಮ ಮುಖಂಡರು ‘ಸ್ವಲ್ಪ ಈ ಕಡೆ’ ಎಂದರು. ಆ ಮನುಷ್ಯ ರೂಢಿಯಿದ್ದವನಂತೆ ಕೀಸುಳಿಯನ್ನು ನನ್ನ ಕೈಗೆ ಕೊಟ್ಟು ತಾನೇ ಚೌಕಟ್ಟಿನಾಚೆ ಸರಿದು ನಿಂತ. ನಮಗಿಂತ ಮೊದಲು ಎಷ್ಟು ತಂಡಗಳಿಗೆ ಹಾಗೆ ಸರಿದು ಕೊಟ್ಟಿದ್ದನೋ.

ಆ ಫೋಟೊ ನಮ್ಮ ಚರ್ಚಿನ ಪರದೆಯ ಮೇಲೆ ಗೋಡೆಯಷ್ಟು ದೊಡ್ಡದಾಗಿ ಬಂತು. ಮುಖಂಡರು ಗದ್ಗದಿತರಾಗಿ, ‘ಪಾಪ, ಅವರಲ್ಲಿ ಏನೂ ಇಲ್ಲ. ಆದರೂ ಎಷ್ಟು ಸಂತೋಷವಾಗಿದ್ದಾರೆ!’ ಎಂದರು. ಮಿಶನ್ ಟ್ರಿಪ್ಪಿನಿಂದ ಮರಳಿದವರೆಲ್ಲ ಆಡುವ ಮಾತು ಇದು. ನನಗೆ ಮೈಯೆಲ್ಲ ಉರಿಯಿತು. 1848ರಿಂದ ಶಿಕ್ಷಕರನ್ನು ತಯಾರಿಸುತ್ತಿರುವ ಕಾಲೇಜು ಇರುವ ಊರು ಅಕ್ರೊಪಾಂಗ್. ಪಕ್ಕದ ಮಾಂಪಾಂಗಿನಲ್ಲಿ, ಬಾಸೆಲಿನವರ ಕಮ್ಮಾರಸಾಲೆಯಲ್ಲಿ ಕೆಲಸ ಕಲಿತ ಟೆಟ್ಟೆ ಕ್ವಾರ್ಶಿ ಎಂಬಾತ 1879ರಲ್ಲಿ ಕೋಕೋ ಬೀಜ ತಂದು ನೆಟ್ಟು, ಇಡೀ ದೇಶದ ಬೇಸಾಯವನ್ನೇ ತಿರುಗಿಸಿಬಿಟ್ಟ. ‘ಏನೂ ಇಲ್ಲ’ ಎಂದರೆ? ಬಾಸೆಲ್ 1828ರಲ್ಲಿ ಆ ತೀರಕ್ಕೆ ಕಳಿಸಿದ ಮೊದಲ ನಾಲ್ವರಲ್ಲಿ ಒಬ್ಬರೂ ಊರಿಗೆ ಮರಳಲಿಲ್ಲ, ಜ್ವರಕ್ಕೆ ಬಲಿಯಾದರು. ಆಮೇಲೆ ಹೋದ ರೀಸನೂ ಹಾಸಿಗೆ ಹಿಡಿದ. ಅವನನ್ನು ಬದುಕಿಸಿದ್ದು ಅಲ್ಲಿನ ನಾಟಿವೈದ್ಯ. ಸೇವೆಗೆಂದು ಹೋದವನ ಸೇವೆ ಮಾಡಿ ಎಬ್ಬಿಸಿ ಕೂರಿಸಿದವರು ಅವರು, ಅಂದಿನಿಂದಲೂ. ಹೋಗಿಬರುವ ಟಿಕೆಟ್ಟು, ವಿಮೆ, ಗುಳಿಗೆ ಎಲ್ಲವನ್ನೂ ಜೇಬಿನಲ್ಲಿಟ್ಟುಕೊಂಡು ಹೋಗಿ ಹಲಗೆಯ ತುದಿ ಹಿಡಿದ ನಾವು ಅಲ್ಲಿ ನೆಂಟರು. ನೆಂಟರಾಗಿರುವುದು ತಪ್ಪಲ್ಲ, ಉಂಡು, ಕುಣಿದು, ನಗಿಸಿ ಬಂದೆವು ಎಂದು ಹೇಳಿದರೆ ಮಾನ ಹೋಗುವುದೂ ಇಲ್ಲ. ಬಡಗಿಯನ್ನು ಚೌಕಟ್ಟಿನಿಂದಾಚೆ ನಿಲ್ಲಿಸಿ ‘ನಾವು ಕಟ್ಟಿದೆವು’ ಎನ್ನುವುದು ಮಾತ್ರ ನನ್ನಿಂದ ತಾಳಲಾಗಲಿಲ್ಲ. ಎದ್ದು ನಿಂತು ಇದನ್ನೆಲ್ಲ ಹೇಳಿಯೂಬಿಟ್ಟೆ. ಸಭೆ ತುಟಿಯನ್ನೂ ಅಲ್ಲಾಡಿಸಲಿಲ್ಲ.

ಹೊರಗೆ ಚಹಾ ಕುಡಿಯುವಾಗ ಖಜಾಂಚಿ ಹತ್ತಿರ ಬಂದರು. ‘ಸರ, ನೀವು ಅಂದದ್ದು ಖರೇ ಐತ್ರಿ. ನಿಮ್ಮೆಲ್ಲಾರ ಟಿಕೀಟಿನ ರೊಕ್ಕ ಕೂಡಿಸಿ ಕಳಿಸಿದ್ದರ ಆ ಬಡಿಗ್ಯಾ ವರ್ಷಗಟ್ಟಲೆ ಕಪಾಟು ಮಾಡತಿದ್ದ ನೋಡ್ರಿ.’ ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಮನೆಯಲ್ಲಿ ಅವ್ವ ಮೊಬೈಲಿನ ಫೋಟೊ ನೋಡುತ್ತಿದ್ದಳು. ‘ಇವರ‍್ಯಾರೋ?’ ಎಂದಳು. ನನ್ನ ಹಾಗೆ ಬುಧವಾರ ಹುಟ್ಟಿದವರು ಎಂದೆ.

‘ನೀ ಯಾಕ ಬುಧವಾರ ಹುಟ್ಟತಿ?’

‘ನೀನಽ ಅಂದೆಲ್ಲಬೇ, ಸಂತಿ ಮರುದಿನ ಅಂತ. ಸಂತಿ ಮಂಗಳವಾರ.’

‘ಅಯ್ಯ, ಅದು ಈಗಿಂದು! ಆವಾಗ ಸಂತಿ ಶನಿವಾರ ಇರತಿತ್ತು. ನೀ ಕಾಲೇಜಿಗೆ ಹೋದ ಮ್ಯಾಲ ಪಂಚಾಯ್ತಿಯವರು ಬದಲಿ ಮಾಡಿದ್ರು.’

ಅಂದರೆ ಆದಿತ್ಯವಾರ. ನಾನು ಕ್ವಾಸಿ. ಇಷ್ಟು ದಿನ ಎದುರು ಪಕ್ಷಗಳಿಗೆ ಹಾಕಿದ್ದೆಲ್ಲ ಆದಿತ್ಯವಾರದವರಿಗೆ ಸಲ್ಲಬೇಕಾದ ಬಾಕಿ. ಮರುದಿನವೇ ಖಜಾಂಚಿಯವರಿಗೆ ತಿಳಿಸಿದೆ. ಬಾಕಿ ಎಂದರೆ ಅವರಿಗೆ ನಿದ್ದೆ ಬರುವುದಿಲ್ಲ. ಅವರು ಯೋಚಿಸಿ ಹೇಳಿದರು: ‘ಬಾಕಿ ತೀರಸಬೇಕ್ರಿ, ಅದರಾಗ ಎರಡು ಮಾತಿಲ್ಲ. ಆದರ ಈ ಸಲ ನೀವು ಹೋಗೂದು ಬ್ಯಾಡ. ಅದಽ ರೊಕ್ಕದಾಗ ಆ ಬಡಿಗ್ಯಾನ್ನ, ಆ ಮೈಕಿನ ಹಿರ‍್ಯಾರನ್ನ ಇಲ್ಲಿಗೇ ಕರಸೂಣು. ನಮ್ಮ ಬೆಂಚು ಮುರದಾವು. ನಮ್ಮ ಕಾಣಿಕಿನೂ ಹಂಗಽ ಐತಿ.’

ನನಗೆ ಹೊಟ್ಟೆಯುರಿದರೂ ಒಪ್ಪಿದೆ, ಒಂದು ಷರತ್ತಿನ ಮೇಲೆ: ಬೆಂಚು ರಿಪೇರಿಯಾದ ಮೊದಲ ಆದಿತ್ಯವಾರ ನಮ್ಮಲ್ಲೂ ವಾರದ ಕಾಣಿಕೆ ಎತ್ತಬೇಕು. ಸಮಿತಿ ಇನ್ನೂ ತೀರ್ಮಾನಿಸಿಲ್ಲ. ಆದರೆ ಜೂನ್ ಒಂದರಂದು ಹುಟ್ಟಿದ ನಮ್ಮ ಹಿರಿಯರಲ್ಲಿ ಅರ್ಧದಷ್ಟು ಮಂದಿ ಸದ್ದಿಲ್ಲದೆ ಹಳ್ಳಿಗೆ ಹೋಗಿ ತಮ್ಮ ತಮ್ಮ ಅವ್ವಂದಿರನ್ನು ವಿಚಾರಿಸಿಕೊಂಡು ಬಂದಿದ್ದಾರೆಂದು ಸುದ್ದಿ.